ರುಚಿ ನೋಡದೆ ಮಾಡಿದ ಅಡುಗೆ

ಕಳೆದ ಶನಿವಾರ ಸಿಡ್ನಿಯ ಹ್ಯಾರಿಸ್ ಪಾರ್ಕ್‌ನ ಅಂಗಡಿಯಿಂದ ಶ್ರೀಖಂಡಕ್ಕೆಂದು ಕೇಸರಿ ತಂದಿದ್ದೆ. ರೌಸ್ ಹಿಲ್‌ನ ನಮ್ಮ ಅಡುಗೆಮನೆಯಲ್ಲಿ ನಾಲ್ಕು ಎಳೆಗಳನ್ನು ಬೆಚ್ಚಗಿನ ಹಾಲಿಗೆ ಹಾಕಿದೆ. ಆಗ ಎದ್ದ ವಾಸನೆಗೆ ಕೈ ಹಾಗೇ ನಿಂತಿತು. ಧಾರವಾಡದಲ್ಲಿ ಹುಟ್ಟಿ ಬೆಳೆದವಳಿಗೆ ಕೇಸರಿ ಎಂದರೆ ಹಬ್ಬದ ಸಿಹಿ ನೆನಪಾಗಬೇಕು. ನನಗೆ ನೆನಪಾದದ್ದು ಕುದಿಯುವ ಕೋಳಿ... ಮತ್ತು ಮೆಲ್ಬರ್ನ್‌ನ ಆ ಅಜ್ಜಿ.

ಆಗ ನಾವು ಮೆಲ್ಬರ್ನ್‌ಗೆ ಬಂದು ಎರಡು ವರ್ಷವಾಗಿತ್ತು. ವಯಸ್ಸಾದವರ ಮನೆಗೆ ಹೋಗಿ ಅವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ವೀಸಾ ನಿಂತಿದ್ದೇ ಆ ಕೆಲಸದ ಮೇಲೆ. ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ಅನುಮತಿ, ಬರುವವರೆಗೆ ಏಜೆನ್ಸಿ ಹೇಳಿದ ಮನೆಗೆ ಹೋಗಬೇಕು, ಹೇಳಿದ್ದನ್ನು ಮಾಡಬೇಕು. ಒಂದು ದೂರು ಬಂದರೂ ಎಲ್ಲ ಮುಗಿಯಿತು ಎಂದು ಹೆದರಿಕೊಂಡೇ ದಿನ ತಳ್ಳುತ್ತಿದ್ದೆ. ನಾನು ಎಲ್ಲಿದ್ದೇನೆ ಎಂಬುದನ್ನು ಮೊಬೈಲಿನ ಆ್ಯಪ್ ಸದಾ ಏಜೆನ್ಸಿಗೆ ತಿಳಿಸುತ್ತಿತ್ತು.

ಅಜ್ಜಿಗೆ ಎಂಬತ್ತು ದಾಟಿತ್ತು. ಅವರು ಹುಟ್ಟಿದ್ದು ಅಮೆರಿಕದ ಒಂದು ಆಮಿಶ್ ಒಕ್ಕಲು ಮನೆಯಲ್ಲಿ. ಕಾರು, ಕರೆಂಟು ಬೇಡವೆಂದು, ಕುದುರೆಗಾಡಿ ಹೂಡಿಕೊಂಡು, ತಮ್ಮ ಚರ್ಚಿನ ಕಟ್ಟುಪಾಡಿನೊಳಗೆ ಬದುಕುವ ಜನ ಅವರು. ಇಪ್ಪತ್ತರ ವಯಸ್ಸಿನಲ್ಲಿ ಅಜ್ಜಿ ಒಬ್ಬ ಆಸ್ಟ್ರೇಲಿಯಾದವನನ್ನು ಮೆಚ್ಚಿ ಊರು ಬಿಟ್ಟರು. ಆಮೇಲೆ ಒಮ್ಮೆ ತವರಿಗೆ ಹೋದಾಗ ತಾಯಿ ಅವರಿಗೆ ಬೇರೆ ಮೇಜಿನ ಮೇಲೆ ಊಟ ಇಟ್ಟರಂತೆ. ಬಿಟ್ಟು ಹೋದವರ ಜೊತೆ ಒಂದೇ ಮೇಜಿನಲ್ಲಿ ಉಣ್ಣುವಂತಿರಲಿಲ್ಲ. ಅಜ್ಜಿ ಮತ್ತೆ ಹೋಗಲಿಲ್ಲ.

ಅವರ ಗಂಡ ತೀರಿಕೊಂಡಿದ್ದರು. ಜೊತೆಗಿದ್ದ ಮಗಳು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಅಜ್ಜಿಗೆ ಮರೆವು ಶುರುವಾಗಿ ಎರಡು ಸಲ ದಾರಿ ತಪ್ಪಿದ ಮೇಲೆ, ಮಗಳು ಮುಂಬಾಗಿಲಿಗೂ ಹಿಂಬಾಗಿಲಿಗೂ ನಂಬರ್ ಒತ್ತುವ ಬೀಗ ಹಾಕಿಸಿದ್ದಳು. ನಂಬರ್ ಗೊತ್ತಿದ್ದದ್ದು ಅವಳಿಗೆ ಮತ್ತು ನನಗೆ. ನಾನು ಹೊರಡುವಾಗ ಅಜ್ಜಿ ನನ್ನ ಮುಖ ನೋಡುತ್ತಿರಲಿಲ್ಲ, ಬೆರಳುಗಳನ್ನೇ ನೋಡುತ್ತಿದ್ದರು. ನಾನು ಅಡ್ಡ ನಿಂತು ಒತ್ತುತ್ತಿದ್ದೆ.

ಒಂದು ದಿನ ಅವರಿಗೆ ತವರಿನ ‘ಬಾಟ್ ಬೊಯ್’ ತಿನ್ನುವ ಆಸೆಯಾಯಿತು. ಕೋಳಿಯನ್ನು ಈರುಳ್ಳಿ, ಸೆಲರಿ ಸೊಪ್ಪಿನ ದಂಟು ಹಾಕಿ ಬೇಯಿಸಿ, ಆ ರಸಕ್ಕೆ ಆಲೂಗಡ್ಡೆ, ಕೇಸರಿ ಸೇರಿಸಿ, ಕುದಿಯುವಾಗ ಮೈದಾಹಿಟ್ಟಿನ ತೆಳ್ಳನೆಯ ಚೌಕಗಳನ್ನು ಒಂದೊಂದಾಗಿ ಬಿಡುವ ಅಡುಗೆ ಅದು. ನಮ್ಮ ಮನೆಯೊಳಗೆ ಮೊಟ್ಟೆ ಕೂಡ ಬಂದದ್ದಿಲ್ಲ. ಆ ಸಂಜೆ ಮನೆಗೆ ಬಂದು ಗಂಡನ ಮುಂದೆ ಅತ್ತುಬಿಟ್ಟೆ. ಅವರು ತಲೆ ಎತ್ತದೆ ಅಂದರು, “ನೀ ಏನ್ ತಿನ್ನಾಕತ್ತಿಲ್ಲಲ್ಲ. ಪಿಆರ್ ಬರೂತನಕ ತಡಕೋ.”

ತಡಕೊಂಡೆ. ತಣ್ಣಗಿನ ಮಾಂಸ ಬೆರಳಿಗೆ ಅಂಟಿದಾಗ ಸೋಪು ಹಚ್ಚಿ ಮೂರು ಸಲ ಕೈ ತೊಳೆದೆ. ಅಜ್ಜಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತು ಹೇಳಿಕೊಟ್ಟರು. ಉಳಿದದ್ದನ್ನೆಲ್ಲ ಮರೆಯುತ್ತಿದ್ದ ಅವರಿಗೆ ಇದರಲ್ಲಿ ಒಂದು ಹೆಜ್ಜೆಯೂ ತಪ್ಪುತ್ತಿರಲಿಲ್ಲ. ಹಿಟ್ಟು ಲಟ್ಟಿಸುವುದನ್ನು ಮಾತ್ರ ನನಗೆ ಕಲಿಸಬೇಕಾಗಿರಲಿಲ್ಲ. ನಮ್ಮವ್ವ ಬೇಳೆ ಸಾರಿಗೆ ಇಂಥವೇ ಹಿಟ್ಟಿನ ತುಂಡು ಬಿಡುತ್ತಿದ್ದಳು. ನಾನು ಬಾಯಿಗೆ ಹಾಕುವುದಿಲ್ಲವಾದ್ದರಿಂದ ಅಜ್ಜಿಯೇ ಚಮಚದಲ್ಲಿ ರುಚಿ ನೋಡಿ ಉಪ್ಪು ಬೇಕೋ ಸಾಕೋ ಹೇಳುತ್ತಿದ್ದರು. ಊಟಕ್ಕೆ ಕೂತಾಗ ನನ್ನ ಚಪಾತಿ ಡಬ್ಬಿಯನ್ನು ತಮ್ಮ ತಟ್ಟೆಗೆ ತಾಗಿಸಿ ಇಟ್ಟುಕೊಳ್ಳುತ್ತಿದ್ದರು.

ಮಗಳು ತರುತ್ತಿದ್ದದ್ದು ಮೂಳೆ ತೆಗೆದ ಪ್ಯಾಕೆಟ್ ಕೋಳಿ. ಮೂಳೆಯಿಲ್ಲದ ರಸ ಬರೀ ನೀರು ಎಂದು ಅಜ್ಜಿ ಗೊಣಗುತ್ತಿದ್ದರು. ಮಾರ್ಕೆಟ್‌ಗೆ ಹೋಗಿ ಇಡೀ ಕೋಳಿಯನ್ನು ತಾವೇ ಆರಿಸಿ ತರಬೇಕೆಂದು ದಿನವೂ ಕೇಳುತ್ತಿದ್ದರು. ದಿನವೂ ನಾನು ಏನಾದರೊಂದು ನೆಪ ಹೇಳುತ್ತಿದ್ದೆ. ಒಂದು ಗುರುವಾರ... ಯಾಕೋ ಅವತ್ತು ನನಗೂ ಆ ಮನೆಯಲ್ಲಿ ಉಸಿರು ಕಟ್ಟಿದಂತಾಯಿತು. ಮೊಬೈಲನ್ನು ಅಡುಗೆ ಕಟ್ಟೆಯ ಮೇಲೆಯೇ ಬಿಟ್ಟು ಬೀಗದ ನಂಬರ್ ಒತ್ತಿದೆ.

ಟ್ರಾಮ್ ಹತ್ತಿ ಹೋದೆವು. ಅಜ್ಜಿ ಮೂರು ಅಂಗಡಿ ಸುತ್ತಿ, ಕೋಳಿಯ ಎದೆ ಒತ್ತಿ ನೋಡಿ ಒಂದನ್ನು ಆರಿಸಿದರು. ವಾಪಸು ಬರುವಾಗ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಕೂತಿದ್ದರು.

ಮಗಳು ಬಾಗಿಲಲ್ಲಿ ನಿಂತಿದ್ದಳು. ಫೋನ್ ಮಾಡಿ ಮಾಡಿ, ನಾನು ಎತ್ತದಿದ್ದಾಗ ಕಚೇರಿಯಿಂದ ಓಡಿ ಬಂದಿದ್ದಳು. ಮುಖ ಬಿಳಿಚಿಕೊಂಡಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದರು:

“ಬಾಗಿಲು ತೆಗೆದದ್ದು ನಾನು. ನಂಬರ್ ನೋಡಿಕೊಂಡಿದ್ದೆ. ಪಾಪ, ಇವಳು ನನ್ನ ಹಿಂದೆ ಓಡಿ ಬಂದಳು.”

ಮಗಳು ನನ್ನತ್ತ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.

ಬೀಗ ತೆಗೆಯುವುದನ್ನು ಕಲಿತವರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪಾಯವೆಂದು ತೀರ್ಮಾನವಾಯಿತು. ಕೆಲವೇ ವಾರಗಳಲ್ಲಿ ಅಜ್ಜಿಯನ್ನು ಒಂದು ವೃದ್ಧಾಶ್ರಮಕ್ಕೆ ಸೇರಿಸಿದರು, ಅಲ್ಲಿಯೂ ಬೀಗ ಹಾಕುವ ವಿಭಾಗಕ್ಕೆ. ನನ್ನನ್ನು ಬೇರೆ ಮನೆಗೆ ಹಾಕಿದರು. ಒಂದು ಸಲ ನೋಡಲು ಹೋದೆ. ಅಜ್ಜಿ ಸೊರಗಿದ್ದರು, ಆದರೆ ನನ್ನ ಗುರುತು ಹತ್ತಿತು. ಎಲ್ಲವನ್ನೂ ಮಗಳಿಗೆ ಹೇಳಿಬಿಡುತ್ತೇನೆ ಎಂದೆ. ಪಿಆರ್ ಬಂತೇ ಎಂದು ಕೇಳಿದರು. ಇಲ್ಲವೆಂದೆ.

“ಹಾಗಾದರೆ ಸುಮ್ಮನಿರು,” ಎಂದರು.

ಸುಮ್ಮನಿದ್ದೆ. ಅಜ್ಜಿ ಹೋದರೆಂದು ಹಳೆಯ ಸಹೋದ್ಯೋಗಿಯೊಬ್ಬಳು ಹೇಳಿದ್ದು ನಾವು ಸಿಡ್ನಿಗೆ ಬಂದು ಎಷ್ಟೋ ದಿನಗಳಾದ ಮೇಲೆ.

ಶನಿವಾರ ಶ್ರೀಖಂಡವನ್ನು ಅರ್ಧಕ್ಕೇ ಬಿಟ್ಟು ಅಜ್ಜಿಯ ಮಗಳ ಹಳೆಯ ನಂಬರಿಗೆ ಫೋನ್ ಮಾಡಿದೆ. ಎತ್ತಿದಳು. ಅವತ್ತು ಬಾಗಿಲು ತೆಗೆದದ್ದು ನಾನೇ ಎಂದು ಹೇಳಿದೆ.

“ಗೊತ್ತಿತ್ತು,” ಎಂದಳು. “ಅಮ್ಮನಿಗೆ ನಾಲ್ಕು ಅಂಕಿ ನೆನಪಿಟ್ಟುಕೊಳ್ಳೋಕೆ ಎಲ್ಲಿ ಆಗ್ತಿತ್ತು? ನನಗೆ ಸಾಕಾಗಿ ಹೋಗಿತ್ತು. ಒಂದು ಕಾರಣ ಬೇಕಿತ್ತು.”

ಅಜ್ಜಿ ತೀರಿಕೊಂಡದ್ದು ಯಾವಾಗ ಎಂದಷ್ಟೇ ಕೇಳಿದೆ. ಹೇಳಿದಳು. ಫೋನ್ ಇಟ್ಟ ಮೇಲೆ ಬೆರಳು ಮಡಚಿ ತಿಂಗಳು ಎಣಿಸಿದೆ. ನಮಗೆ ಪಿಆರ್ ಬಂದ ಮೇಲೂ ಅಜ್ಜಿ ಎರಡು ತಿಂಗಳು ಬದುಕಿದ್ದರು. ನಾನು ಅದೇ ಊರಿನಲ್ಲಿದ್ದೆ. ಆಗ ನನ್ನನ್ನು ಕಟ್ಟಿಹಾಕಿದ್ದು ಏನೂ ಇರಲಿಲ್ಲ. ಆದರೂ ಹೋಗಲಿಲ್ಲ.