ಕೆಂಪು ಚುಕ್ಕೆಯ ಲೋಟ

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆದು ಅಭ್ಯಾಸವಿಲ್ಲ. ಆದರೆ ಇದನ್ನು ಬಾಯಲ್ಲಿ ಹೇಳಲು ಹೋದಾಗಲೆಲ್ಲ ಬೇರೆ ಏನೋ ಹೇಳಿ ಎದ್ದು ಬಂದಿದ್ದೇನೆ.

ನಮ್ಮೂರು ಹೋಳೂರಿನ ಹತ್ತಿರ. ತಾತನ ಕಾಲದಲ್ಲಿ ಊರ ಹೋಟೆಲಿನಲ್ಲಿ ನಮ್ಮ ಕೇರಿಯವರಿಗೆ ಲೋಟ ಬೇರೆ. ಹೊರಗಿನ ಗೋಡೆಗೂಡಿನಲ್ಲಿ ಬೋರಲು ಹಾಕಿರುತ್ತಿದ್ದರು. ಕುಡಿದವರೇ ತೊಳೆದು ಇಡಬೇಕು. ಯಾರೋ ಕರೆದರೆಂದು ತಾತ ಒಂದು ಭಾನುವಾರ ಕ್ರೈಸ್ತರ ಸಭೆಗೆ ಹೋದರಂತೆ. ಅಂದು ಕರ್ತನ ಮೇಜು, ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ದಿನ. ಪಾದ್ರಿ ಅಯ್ಯನವರು ತಾವು ಕುಡಿದ ಬಟ್ಟಲನ್ನೇ ಪಕ್ಕದವರಿಗೆ ಕೊಟ್ಟರು, ಅವರು ತಮ್ಮ ಪಕ್ಕದವರಿಗೆ. ಹೊಸಬರಾದ ತಾತನಿಗೆ ಅಂದು ಸಿಗಲಿಲ್ಲ, ನೋಡಿದ್ದಷ್ಟೇ. "ಆ ಬಟ್ಟಲು ನೋಡೇ ನಾನು ದೀಕ್ಷಾಸ್ನಾನ ತಗೊಂಡಿದ್ದು" ಎಂದು ಸಾಯುವ ತನಕ ಹೇಳುತ್ತಿದ್ದರು. ಆ ಮಾತು ಕೇಳಿಯೇ ನಾನೂ ನನ್ನ ತಂಗಿಯೂ ಬೆಳೆದೆವು.

ತಂಗಿ ಮಾಲೂರಿನ ಫ್ಯಾಕ್ಟರಿಯಲ್ಲಿ ಹೊಲಿಗೆ ಕೆಲಸಕ್ಕಿದ್ದಳು. ಕೆಮ್ಮು ನಿಲ್ಲದೆ ಟಿಬಿ ಎಂದು ಗೊತ್ತಾದ ಮೇಲೆ ನನ್ನ ಮನೆಗೆ ಬಂದಳು. ಅವಳ ಲೋಟ ಬೆರೆಯಬಾರದೆಂದು ತಳದಲ್ಲಿ ಉಗುರುಬಣ್ಣದ ಕೆಂಪು ಚುಕ್ಕೆ ಇಟ್ಟೆ. ಅವಳು ಅದನ್ನು ತಿರುಗಿಸಿ ನೋಡಿ ನಕ್ಕಳು.

"ನಮ್ಮನೇಲಿ ಬೊಟ್ಟು ಇಟ್ಕೊಂಡಿರೋದು ಇದೊಂದೇ ಕಣಕ್ಕ."

ನಾನೂ ನಕ್ಕೆ. ಆಗ ಅದು ತಪ್ಪಾಗಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ನನ್ನ ತಪ್ಪು ಅದಲ್ಲ.

ಆರು ತಿಂಗಳು ಮಾತ್ರೆ ನುಂಗಿದಳು. ಕಫ ಮತ್ತೆ ಪರೀಕ್ಷೆ ಮಾಡಿದ ಡಾಕ್ಟರು, ಪೂರ್ತಿ ವಾಸಿಯಾಗಿದೆ, ಇನ್ನು ಯಾರಿಗೂ ಅಂಟುವುದಿಲ್ಲ ಎಂದು ನನ್ನೆದುರಿಗೇ ಹೇಳಿದರು. ನಾನು ದೇವರಿಗೆ ಸ್ತೋತ್ರ ಹೇಳಿದೆ. ಸಭೆಯಲ್ಲಿ ಎದ್ದು ನಿಂತು, ದೇವರು ನನ್ನ ತಂಗಿಯನ್ನು ವಾಸಿಮಾಡಿದನೆಂದು ಸಾಕ್ಷಿಯನ್ನೂ ಹೇಳಿದೆ. ಮನೆಗೆ ಬಂದು ಅವಳಿಗೆ ಟೀ ಕೊಟ್ಟಿದ್ದು ಮಾತ್ರ ಚುಕ್ಕೆಯ ಲೋಟದಲ್ಲೇ.

ಮುಂದಿನ ತಿಂಗಳ ಮೊದಲ ಭಾನುವಾರ ಅವಳು ಕರ್ತನ ಮೇಜಿಗೆ ಬಂದಳು. ನನ್ನ ಹಳೆಯ ನೀಲಿ ಸೀರೆ ಉಟ್ಟು ಚಾಪೆಯ ಮೇಲೆ ನನ್ನ ಪಕ್ಕದಲ್ಲೇ ಕೂತಳು. ಬಟ್ಟಲು ಕೈಯಿಂದ ಕೈಗೆ ಬಂತು. ಅವಳು ಕುಡಿದಳು. ಕಣ್ಣಲ್ಲಿ ನೀರಿತ್ತು. ಎರಡು ಕೈಯಲ್ಲೂ ಹಿಡಿದು ನನಗೆ ಕೊಟ್ಟಳು.

ನಾನು ಬಟ್ಟಲು ಎತ್ತಿದೆ. ತುಟಿ ಬಿಗಿಹಿಡಿದೆ. ಕುಡಿದವಳ ಹಾಗೆ ತಲೆ ಸ್ವಲ್ಪ ಹಿಂದಕ್ಕೆ ಮಾಡಿ ಆಚೆಯವರಿಗೆ ದಾಟಿಸಿದೆ. ಆಚೆ ಕೂತ ಮುದುಕಿ ಕಣ್ಣು ಮುಚ್ಚಿಕೊಂಡು ಕುಡಿದಳು.

ಸಭೆಯಲ್ಲಿ ಯಾರೂ ನೋಡಲಿಲ್ಲ. ತಂಗಿ ನೋಡಿದಳು. ನನ್ನ ಗಂಟಲನ್ನೇ ನೋಡುತ್ತಿದ್ದಳು. ಅದು ಅಲುಗಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅವಳು ಟೊಮೆಟೊ ತೋಟಗಳ ಬಗ್ಗೆ ಏನೋ ಮಾತಾಡಿದಳು. ನಾನು ಹೂಂ ಎಂದೆ. ಅದೇ ವಾರ ಅವಳಿಗೆ ಮುಳಬಾಗಿಲಿನ ಒಂದು ಟೈಲರ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಅಲ್ಲೇ ರೂಮು ಮಾಡಿದಳು. ಹೋಗುವಾಗ ಆ ಲೋಟವನ್ನು ತೆಗೆದುಕೊಂಡು ಹೋದಳು. ಕ್ರಿಸ್‌ಮಸ್‌ಗೆ ಬಂದಾಗ ನಾನು ಹೊಸ ಲೋಟದಲ್ಲಿ ಟೀ ತಂದರೆ, ಬ್ಯಾಗಿನಿಂದ ಅದನ್ನು ತೆಗೆದು ಮುಂದಿಟ್ಟಳು.

"ನಿಂಗ್ಯಾಕಕ್ಕ ಯೋಚನೆ. ನಂದು ನಾನೇ ತಂದಿದೀನಿ."

ಕೋಪವಿರಲಿಲ್ಲ ಅವಳ ದನಿಯಲ್ಲಿ. ಆಗಲೇ ಅವಳ ಕೈ ಹಿಡಿದು ಹೇಳಬಹುದಿತ್ತು. ನಾನು ಅವಳ ಲೋಟಕ್ಕೆ ಟೀ ಬಗ್ಗಿಸಿದೆ.

ಹೋದ ವರ್ಷ ಅವಳು ಹೊಲಿಗೆ ಮಿಷನ್ ಮುಂದೆ ಕೂತಲ್ಲೇ ಕುಸಿದಳು. ಎದೆ ನಿಂತಿತಂತೆ. ಮಣ್ಣು ಮಾಡಿದ ಮೇಲೆ ಅವಳ ಸಾಮಾನು ತರಲು ಹೋದೆ. ಅಂಗಡಿಯವರ ಹೆಂಡತಿ, ವಯಸ್ಸಾದ ಸಾಬರ ಹೆಂಗಸು, ಅಳುತ್ತಾ ಲೋಟವನ್ನು ಕೈಗೆ ಕೊಟ್ಟರು.

"ಇದರಲ್ಲೇ ಚಾ ಕುಡೀತಿದ್ವಮ್ಮ ಇಬ್ರೂ. ಅರ್ಧ ಅವಳು, ಅರ್ಧ ನಾನು. ಏನ್ ಚುಕ್ಕೆ ಇದು ಅಂದ್ರೆ, ನಮ್ಮಕ್ಕ ಇಟ್ಟಿದ್ದು ಅಂತಿದ್ಳು, ಅಷ್ಟೇ."

ಅವಳು ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ.

ಕೊರೊನಾ ಬಂದಾಗಿನಿಂದ ನಮ್ಮ ಸಭೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಪ್ಲಾಸ್ಟಿಕ್ ಬಟ್ಟಲು. ಒಂದು ಸಲವಾದರೂ ಹಳೆಯ ಬಟ್ಟಲನ್ನು ಹೊರಗೆ ತೆಗೆಯಿರಿ ಎಂದು ಅಯ್ಯನವರನ್ನು ಕೇಳಿದೆ. ಯಾಕಮ್ಮ ಎಂದರು. ಸುಮ್ಮನೆ ಎಂದೆ. ಈಗಲೂ ಚಾಪೆಯ ಮೇಲೆ ಕೂತರೆ ಪಕ್ಕದಲ್ಲಿ ನೀಲಿ ಸೀರೆ ಕಂಡ ಹಾಗಾಗುತ್ತದೆ. ನುಂಗುವಾಗ ಯಾರೋ ನನ್ನ ಗಂಟಲು ನೋಡುತ್ತಾರೆ.

ಆ ಲೋಟ ತಂದ ಮಾರನೆಯ ಬೆಳಿಗ್ಗೆ ಅದರಲ್ಲಿ ಟೀ ಬಗ್ಗಿಸಿಕೊಂಡೆ. ಇನ್ನು ಮೇಲೆ ಇದೇ ನನ್ನ ಲೋಟ ಎಂದು ನಿಶ್ಚಯ ಮಾಡಿದ್ದೆ. ಬಾಯಿಗೆ ತರುವ ಮುಂಚೆ ನನ್ನ ಕೈ ಸೆರಗು ಹಿಡಿದು ಅದರ ಅಂಚನ್ನು ಸುತ್ತಲೂ ಒರೆಸಿತು. ಒರೆಸಿ ಮುಗಿದ ಮೇಲೆಯೇ ನನಗೆ ಗೊತ್ತಾಗಿದ್ದು.