ಗುಡ್ಡ ಹತ್ತಬೇಕಾದ ಉಪ್ಪಾಗೆ

ಎರಡು ದಿನದಿಂದ ಒಲೆಯ ಮೇಲಿನ ಅಟ್ಟದಲ್ಲಿ ಉಪ್ಪಾಗೆ ಸಿಪ್ಪೆ ಒಣಗುತ್ತಿದೆ. ಮನೆಯೆಲ್ಲ ಹುಳಿ, ಹೊಗೆ. ಮಳೆಗಾಲದ ಹಣ್ಣು, ಬಿಸಿಲಿಗೆ ಕಾದರೆ ಬೂಷ್ಟೇ ಗತಿ. ಮೀನು ಸಾರಿಗೆ ಇದರ ಒಂದು ಚೂರು ಬಿದ್ದರೆ ಸಾಕು; ನಿಮ್ಮ ಪೇಟೆಯ ಹುಣಸೆಹಣ್ಣಿಗೆ ಆ ರುಚಿ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಬೈಂದೂರಿನ ಮೂಡಲ ಕಾಡಿನಲ್ಲಿ ಯಾವ ಉಪ್ಪಾಗೆ ಮರ ಎಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳುತ್ತೇನೆಂಬ ಜಂಬ ಇತ್ತು. ಹೋದ ವರ್ಷ ಬ್ರಹ್ಮಾವರದ ಹುಡುಗಿಯೊಬ್ಬಳು ಬಂದಳು. ಸೆಕೆ ಏರಿ ಮಳೆಯ ಹದ ತಪ್ಪಿದರೆ ಕಾಡಿನ ಯಾವ ಮರ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ನೋಡುವುದು ಅವಳ ಕೆಲಸ. ದಾರಿ ತೋರಿಸಲು ನಾನೇ ಮುಂದೆ ನಡೆದೆ.

“ಕಾಣ್, ಎಷ್ಟ್ ಗಟ್ಟಿ ಇತ್ತ್!” ಎಂದು ದೊಡ್ಡ ಮರ ತೋರಿಸಿದೆ. ಅವಳು ಮರವನ್ನು ನೋಡದೆ ಕೆಳಗೆ ಕೂತು ತರಗೆಲೆ ಸರಿಸತೊಡಗಿದಳು.

“ಎಂತ ಕಳ್ಕಂಡೆ, ಮಾರಾಯ್ತಿ?”

“ಮರಿ ಗಿಡ ಒಂದೂ ಇಲ್ಲೆ, ಅಮ್ಮಮ್ಮ. ಇಲ್ಲಿ ಸೆಕೆ ಜಾಸ್ತಿ ಆತ್ತ್. ಈ ಜಾತಿ ಉಳೀಕಾರೆ ಗುಡ್ಡದ್ ಮೇಲಿನ ತಂಪಿಗೆ ಹೋಯ್ಕ್.”

“ಹೋಪುಕೆ ಮರಕ್ಕ್ ಕಾಲ್ ಇತ್ತಾ?”

“ಬೀಜ ಹೋಪುದ್. ಮಂಗ, ಕಾಡುಬೆಕ್ಕು ಹೊತ್ಕಂಡ್ ಹೋತೊ.”

ನಾನೂ ಬಗ್ಗಿ ತರಗೆಲೆ ಸರಿಸಿ ನೋಡಿದೆ. ಮಂಗನಿಗೆ ಒಂದು ಹಣ್ಣು ಬಿಟ್ಟಿದ್ದರಲ್ಲವೇ? ಹಣ್ಣಾಗುವ ಮೊದಲೇ, ಬೇರೆಯವರು ಬರುವ ಮೊದಲೇ ಕೊಯ್ಯುತ್ತಿದ್ದೆವು. ಸಿಪ್ಪೆ ಅಟ್ಟಕ್ಕೆ, ಬೀಜ ಹಂಡೆಗೆ. ಬೇಯಿಸಿ ತುಪ್ಪ ತೆಗೆಯುವುದು, ದೋಸೆಗೆ, ಒಡೆದ ಹಿಮ್ಮಡಿಗೆ. ಒಂದು ಬೀಜ ಚೆಲ್ಲಿದರೂ ನನ್ನ ಅತ್ತೆ, “ದೋಸಿಗೆ ಎಂತ ಹಚ್ತೆ, ನಿನ್ ಬೆವರಾ?” ಎನ್ನುತ್ತಿದ್ದರು. ಸೆಕೆ ಬಂದು ಕೊಲ್ಲುವ ಮೊದಲೇ ಆ ಮರದ ಮಕ್ಕಳನ್ನು ದೋಸೆಗೆ ಸವರಿದವಳು ನಾನು.

“ಬರ್ಕೊ ಮಗಾ, ಬೀಜ ತಿಂದದ್ದ್ ನಾನೇ” ಎಂದೆ.

ಅವಳು ಕೈಯಲ್ಲಿದ್ದ ಕಾಗದ ತೋರಿಸಿ ನಕ್ಕಳು. “ಫಾರ್ಮಂಗೆ ಅದಕ್ಕ್ ಜಾಗ ಇಲ್ಲೆ, ಅಮ್ಮಮ್ಮ.”

ಈ ಸಲ ಮೇಲಿನ ಕೊಂಬೆಗಳ ಹಣ್ಣು ಮುಟ್ಟಲಿಲ್ಲ, ಅದು ಮಂಗನ ಪಾಲು. ಕೆಳಗೆ ಉದುರಿದ್ದನ್ನು ಮಾತ್ರ ಹೆಕ್ಕಿ ಸಿಪ್ಪೆ ಉಳಿಸಿಕೊಂಡೆ. ಇವತ್ತು ಬೆಳಿಗ್ಗೆ ಬೀಜವನ್ನು ಬುಟ್ಟಿಯಲ್ಲಿ ಹೊತ್ತು, ಅವಳು ಬೆರಳು ಮಾಡಿ ತೋರಿಸಿದ್ದ ಎತ್ತರಕ್ಕೆ ನಾಲ್ಕು ಕಡೆ ಕೂತು ಹತ್ತಿದೆ. ಮಂಡಿ ಬೈಯಿತು. ಅಲ್ಲಿ ನಿಜಕ್ಕೂ ತಂಪಿತ್ತು. ಕತ್ತಿಯ ತುದಿಯಲ್ಲಿ ಮಣ್ಣು ಕೆದಕಿ ಊರಿ, ಎಲೆಯಡಿಕೆ ಹಾಕಿಕೊಂಡು ಇಳಿದೆ.

ಬೇಲಿಯಾಚೆಯಿಂದ ನೆರೆಮನೆಯವಳು ಕೂಗಿದಳು: “ಹ್ವಾಯ್ ಅಕ್ಕ, ಖಾಲಿ ಬುಟ್ಟಿ! ಎಂತದೂ ಸಿಕ್ಕಿಲ್ಯಾ?”

“ಸಿಕ್ಕಿತ್. ಮೇಲೆ ಇಟ್ಟ್ ಬಂದೆ.”