ಸೆರಗಿನ ಗಂಟಿನಲ್ಲಿದ್ದ ವಿಭೂತಿ

ಮಲ್ಲಯ್ಯ ದೇವರನ್ನು ನಂಬಿದ ಎಲ್ಲ ತಾಯಂದಿರಿಗೆ, ಅಣ್ಣಂದಿರಿಗೆ ಕಮಲಾಪುರದ ನೀಲಮ್ಮನ ಶರಣು. ನನಗೆ ಎರಡು ಹೊಸ ಮೊಣಕಾಲು ಬಂದವು, ಆದರೆ ಅವುಗಳ ಮೇಲೆ ನಿಂತು ಒಂದು ಕೊಡ ನೀರು ಎತ್ತುವ ಶಕ್ತಿ ಹೊರಟುಹೋಯಿತು. ಅದು ಹೇಗೆ ಹೋಯಿತು, ಮಲ್ಲಯ್ಯ ಯಾರ ಬಾಯಿಂದ ನನಗೆ ಉತ್ತರ ಕೊಟ್ಟ ಎಂದು ಬರೆಯಲು ಕೂತಿದ್ದೇನೆ. ನಾನು ಕಲಿತದ್ದು ಮೂರನೆಯ ಇಯತ್ತೆ. ಅಕ್ಷರ ತಪ್ಪಿದಲ್ಲಿ ಮಗಳು ಸುವರ್ಣಾ ತಿದ್ದಿದ್ದಾಳೆ. ಅವಳ ಮಗಳು ಇಲ್ಲೇ ಪಕ್ಕದ ತೊಟ್ಟಿಲಲ್ಲಿ ಮಲಗಿದ್ದಾಳೆ. ಆಕೆ ಎದ್ದಳೆಂದರೆ ನನ್ನ ಬರಹ ಅಲ್ಲಿಗೇ ನಿಂತಿತು.

ಸುವರ್ಣಾ ನಮಗೆ ಒಬ್ಬಳೇ ಮಗಳು. ಕಲಬುರಗಿಗೆ ಕೊಟ್ಟಿದ್ದೇವೆ, ಸೇಡಂ ರಸ್ತೆಯ ಕಡೆ ಅವರ ಮನೆ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಆಗ ನನ್ನ ಮೊಣಕಾಲು ಎಷ್ಟು ಕೆಟ್ಟಿದ್ದವೆಂದರೆ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಿತ್ತು. ಹೀಗಾಗಿ ಬಾಣಂತನ ಅವಳ ಗಂಡನ ಮನೆಯಲ್ಲೇ ಎಂದು ನಿಶ್ಚಯವಾಯಿತು. ಗಂಡು ಕೂಸು. ಹುಟ್ಟುವಾಗಲೇ ಉಸಿರಿನ ತೊಂದರೆ ಇತ್ತು. ಹೆಸರಿಡುವ ಮೊದಲೇ ಹೋಯಿತು. ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಹೇಳಿದರು. ನಾನು ಅದನ್ನು ಎತ್ತಿಕೊಂಡದ್ದು ಒಂದೇ ಸಲ, ಅದೂ ತಣ್ಣಗಾದ ಮೇಲೆ. ಅಜ್ಜಿಯಾದವಳು ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಎರೆಯುತ್ತಾಳಲ್ಲ, ಆ ಭಾಗ್ಯ ಅದಕ್ಕೂ ಇರಲಿಲ್ಲ, ನನಗೂ ಇರಲಿಲ್ಲ. ಸುವರ್ಣಾ ಎದೆಹಾಲು ಬತ್ತುವವರೆಗೂ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಕುರ್ಚಿಯಲ್ಲಿ ಕೂತು ನೋಡಿದೆ. ಎದ್ದು ಹೋಗಿ ತಲೆ ನೇವರಿಸಬೇಕೆಂದರೆ ಏಳಲು ಯಾರಾದರೂ ಕೈ ಕೊಡಬೇಕಿತ್ತು.

ಇನ್ನೊಂದು ಕೂಸು ಕೊಡು, ಅದಕ್ಕೆ ನಾನೇ ಎರೆಯುತ್ತೇನೆ ಎಂದು ಮಲ್ಲಯ್ಯನಿಗೆ ಹರಕೆ ಹೊತ್ತೆ. ಸೂಜಿ ಕಂಡರೆ ಹೆದರುವವಳು, ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಕಲಬುರಗಿಯ ದವಾಖಾನೆಗೆ ಸೇರಿ ಎರಡೂ ಮೊಣಕಾಲಿನ ಆಪರೇಶನ್ ಮಾಡಿಸಿಕೊಂಡೆ. ವಾಕರ್ ಹಿಡಿದು ಅಂಗಳದಲ್ಲಿ ನಡೆಯುವುದನ್ನು ಕಲಿಯುತ್ತಿದ್ದಾಗಲೇ ಸುವರ್ಣಾ ಮತ್ತೆ ಬಸಿರು ಎಂದು ಸುದ್ದಿ ಬಂತು. ಮಲ್ಲಯ್ಯ ತನ್ನ ಮಾತು ನಡೆಸಿದ, ಇನ್ನು ನನ್ನದು ಉಳಿಯಿತು ಎಂದುಕೊಂಡೆ.

ಮೊಣಕಾಲು ಚೊಲೊ ಕೂಡಿದವು, ನೋವೂ ಇಳಿಯಿತು. ಮೈ ಮಾತ್ರ ಹಿಟ್ಟು ಸುರುವಿದ ಚೀಲದಂತೆ ಕುಸಿಯತೊಡಗಿತು. ಅಂಗಳದಿಂದ ಒಳಗೆ ಬರುವಷ್ಟರಲ್ಲಿ ಏದುಸಿರು. ಒಲೆಯ ಮುಂದೆ ನಿಂತರೆ ಕಣ್ಣಿಗೆ ಕತ್ತಲೆ. ರೊಟ್ಟಿ ಬಡಿಯಲು ಕೈ ಎತ್ತಿದರೆ ಅದು ಕಲ್ಲಿನಷ್ಟು ಭಾರ. ಹಣಿಗೆಯ ತುಂಬ ಕೂದಲು ಬರುತ್ತಿದ್ದವು. ಆಪರೇಶನ್ನಿನಲ್ಲಿ ರಕ್ತ ಹೋಗಿದೆ, ತುಂಬಿಕೊಳ್ಳಲಿ ಎಂದು ದವಾಖಾನೆಯವರು ಗುಳಿಗೆ ಕೊಟ್ಟಿದ್ದರು. ಅವನ್ನು ದಿನಾ ಮುಂಜಾನೆ ಚಹಾದ ಜೊತೆ ನುಂಗುತ್ತಿದ್ದೆ. ನಮ್ಮ ಮನೆಯವರು ಊರಿನ ಕೆಂಪು ಬಾಳೆಹಣ್ಣು ಹುಡುಕಿ ಹುಡುಕಿ ತಂದು, ಕೆಂಪು ತಿಂದರೆ ಕೆಂಪು ಆಗುತ್ತದೆ ಎಂದು ಎದುರಿಗೆ ಕೂತು ತಿನ್ನಿಸುತ್ತಿದ್ದರು. ಮೈಗೆ ಏನೂ ಹತ್ತಲಿಲ್ಲ. ವಯಸ್ಸಾಯಿತು, ದೊಡ್ಡ ಆಪರೇಶನ್ ಆಗಿದೆ, ಇಷ್ಟು ಸುಸ್ತು ಇದ್ದದ್ದೇ ಎಂದು ಬಂದವರೆಲ್ಲ ಹೇಳಿ ಹೋದರು. ನಾನೂ ಮತ್ತೆ ಯಾವ ಡಾಕ್ಟರನ್ನೂ ಕೇಳಲಿಲ್ಲ.

ಆ ದಿನಗಳಲ್ಲೇ ಪೂಜೆ ಮುಗಿಸಿ ಒಂದು ಚಿಟಿಕೆ ವಿಭೂತಿಯನ್ನು ನಾಲಿಗೆಗೆ ಹಚ್ಚಿಕೊಂಡೆ. ಜಡ್ಡಿನವರ ಬಾಯಿಗೆ ಚೂರು ವಿಭೂತಿ ಹಾಕುವುದು ನಮ್ಮಲ್ಲಿ ಇದ್ದದ್ದೇ. ಆದರೆ ಅವತ್ತು ಅದು ನನಗೆ ರುಚಿಯಾಗಿ ಹತ್ತಿತು. ಹೇಗೆ ಹೇಳಲಿ, ಮೊದಲ ಮಳೆಗೆ ನೆಲದ ವಾಸನೆ ಏಳುತ್ತದಲ್ಲ, ಆ ವಾಸನೆಯೇ ಬಾಯಿಗೆ ಬಂದಂತೆ. ಮರುದಿನ ಎರಡು ಚಿಟಿಕೆ. ಆಮೇಲೆ ಗಟ್ಟಿಯನ್ನೇ ಮುರಿದು, ತುಂಡನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ಯಾರೂ ಇಲ್ಲದಾಗ ಕಡಿಯತೊಡಗಿದೆ. ಬಾಯಿಗೆ ಬೇರೆ ಏನೂ ಸೇರುತ್ತಿರಲಿಲ್ಲ. ಮಲ್ಲಯ್ಯನೇ ನನಗೆ ಈ ರುಚಿ ಕೊಟ್ಟಿದ್ದಾನೆ, ಇದರಿಂದಲೇ ನಾನು ಏಳುತ್ತೇನೆ ಎಂದು ನಂಬಿದ್ದೆ.

ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ನಮ್ಮದು ಹಿಟ್ಟಿನ ಗಿರಣಿ. ಮನೆಯ ಮುಂದಿನ ಕೋಣೆಯಲ್ಲೇ ಗಿರಣಿ ಇದೆ. ನಮ್ಮ ಮನೆಯಲ್ಲಿ ಪಾತ್ರೆ, ಹಾಸಿಗೆ, ಮೀಸೆ, ಎಲ್ಲದರ ಮೇಲೂ ಬಿಳಿ ಪುಡಿ ಕೂತಿರುತ್ತದೆ. ನನ್ನ ತುಟಿಯ ಬಿಳಿಯನ್ನು ಯಾರು ಕೇಳುತ್ತಾರೆ. ತಿಂಗಳುಗಟ್ಟಲೆ ಬರುತ್ತಿದ್ದ ವಿಭೂತಿ ಗಟ್ಟಿ ವಾರಕ್ಕೊಂದು ಬೇಕಾಯಿತು. ಮನೆಯವರು ಬೀಸಲು ಬಂದವರ ಮುಂದೆಲ್ಲ, ಕಾಲು ಬದಲಿಸಿದ ಮೇಲೆ ನಮ್ಮಾಕೆಗೆ ಪೂಜೆ ಭಾಳ ಹೆಚ್ಚಾಗಿದೆ ಎಂದು ಹೇಳಿಕೊಂಡು ಹಿಗ್ಗುತ್ತಿದ್ದರು. ಓಣಿಯ ಹೆಣ್ಣುಮಗಳೊಬ್ಬಳು ಬಂದು ನನ್ನ ಕಾಲಿಗೂ ಬಿದ್ದು ಹೋದಳು.

ಶಿವರಾತ್ರಿ ಆದ ಮೇಲೆ ಬೀಗಿತ್ತಿ, ಸುವರ್ಣಾಳ ಅತ್ತೆ, ನನ್ನನ್ನು ನೋಡಲು ಬಂದರು. ಕೆಟ್ಟವರಲ್ಲ. ನಾನು ಚಹಾ ಮಾಡಲು ಎದ್ದು, ಅರ್ಧಕ್ಕೆ ಕಟ್ಟೆ ಹಿಡಿದು ಕೂತೆ. ಅವರೇ ಚಹಾ ಸೋಸಿ ನನಗೂ ಕೊಟ್ಟು, ಮೆಲ್ಲಗೆ ಹೇಳಿದರು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಿಮಗ ನೀರ್ ಕೊಡ್ಲಾಕ ಒಬ್ಬರು ಬೇಕಾಗ್ಯಾರ. ಬಾಣಂತಿನ್ನ ಹೆಂಗ ನೋಡ್ಕೋತೀರಿ? ಸುವರ್ಣಾ ನಮ್ಮಲ್ಲೇ ಇರ್ಲಿ."

ಖರೆಯೇ ಹೇಳಿದ್ದರು. ಹೂಂ ಅಂದೆ.

ಸಂಜೆ ಸುವರ್ಣಾ ಫೋನ್ ಮಾಡಿದಳು.

"ಅವ್ವಾ, ನೀ ಹೂಂ ಅಂದಿಯಂತ."

"ನನ್ನ ಕೈಲೆ ಆಗಲ್ಲ ಮಗಾ."

"ಅದೇ ಕೋಣಿ ಅದ ಅವ್ವಾ. ಅದೇ ಮಂಚ. ನಾ ಅಲ್ಲಿ ಮತ್ತ ಮಲಗಂಗಿಲ್ಲ. ನೀ ಏನೂ ಮಾಡಬ್ಯಾಡ, ಸುಮ್ನ ನನ್ನ ಬಾಜೂಕ ಕೂಡು. ಅಷ್ಟೂ ಆಗಲ್ಲೇನು?"

ಅಷ್ಟೂ ಆಗುವುದಿಲ್ಲ ಎಂದು ಮಗಳಿಗೆ ಹೇಗೆ ಹೇಳಲಿ. ಫೋನ್ ಇಟ್ಟು, ಮಲ್ಲಯ್ಯನ ಫೋಟೋದ ಮುಂದೆ ಹೋಗಿ ಕೂತೆ, ಅಳಲಿಕ್ಕೂ ದಮ್ಮು ಸಾಲಲಿಲ್ಲ.

ಯುಗಾದಿ ಮುಗಿದ ಮರುವಾರ ನನ್ನ ಮೊಣಕಾಲು ತೋರಿಸಲು ಕಲಬುರಗಿಗೆ ಹೋಗುವುದಿತ್ತು. ಅದೇ ದಿನ ಸುವರ್ಣಾಳ ತಪಾಸಣೆಯೂ ಇತ್ತು. ಹೊರಡುವ ಮುಂಚೆ ಮಲ್ಲಯ್ಯನಿಗೆ ಕೈ ಮುಗಿದೆ. ಅಲ್ಲಿಯವರೆಗೆ ದಿನಾ ಶಕ್ತಿ ಕೊಡು, ಶಕ್ತಿ ಕೊಡು ಎಂದು ಬೇಡಿದ್ದೆ. ಅವತ್ತು ಬೇಡಲೂ ಸಾಕಾಗಿತ್ತು. ಕೊಡದಿದ್ದರೆ ಬಿಡು, ನನಗೆ ಏನಾಗಿದೆ ಎಂಬುದನ್ನಾದರೂ ಹೇಳು ಎಂದೆ. ಬಸ್ಸಿನಲ್ಲಿ ಮನೆಯವರ ಹೆಗಲಿಗೆ ತಲೆ ಕೊಟ್ಟವಳು ಕಲಬುರಗಿ ಬರುವತನಕ ಎತ್ತಲಿಲ್ಲ. ಗಂಟು ಬಿಚ್ಚಿ ಒಂದು ಚೂರು ಬಾಯಿಗೆ ಹಾಕಿಕೊಂಡದ್ದಷ್ಟೇ ನೆನಪು.

ಮೊಣಕಾಲಿನ ಡಾಕ್ಟರು ಚೊಲೊ ಅದ ಎಂದು ಕಳಿಸಿದರು. ಸುವರ್ಣಾ ತೋರಿಸಿಕೊಳ್ಳುವ ದವಾಖಾನೆಗೆ ಬಂದೆವು. ನಾನು ಅವಳ ಪಕ್ಕದ ಸ್ಟೂಲಿನ ಮೇಲೆ, ಮನೆಯವರು ಬಾಗಿಲಲ್ಲಿ. ನರ್ಸಬಾಯಿ ಎಲ್ಲ ಬಸುರಿಯರಿಗೂ ಕೇಳುವ ಮಾತುಗಳನ್ನು ಕೇಳುತ್ತ ಬಂದಳು. ಕಾಲು ಬಾವು ಬರುತ್ತದೆಯೇ, ತಲೆ ತಿರುಗುತ್ತದೆಯೇ ಎಂದೆಲ್ಲ ಕೇಳಿ, ಕೊನೆಗೆ ಅಂದಳು:

"ಮಣ್ಣು, ಸುಣ್ಣ, ಬಳಪ, ಬೂದಿ, ಹಿಂತಾವೇನರ ತಿನಬೇಕು ಅನಸ್ತದೇನ್ರಿ?"

ಸುವರ್ಣಾ ನಕ್ಕು ಇಲ್ಲ ಎಂದಳು. ಬೂದಿ ಎಂಬ ಮಾತಿಗೇ ನನ್ನ ಬಾಯಲ್ಲಿ ನೀರು ಬಂತು. ಕೈ ತಾನಾಗಿಯೇ ಸೆರಗಿನ ಗಂಟಿಗೆ ಹೋಯಿತು. ಮಗಳು ಅದನ್ನು ನೋಡಿದಳು. ನಗು ನಿಂತಿತು.

"ಅವ್ವಾ, ಸೆರಗಿನ್ಯಾಗ ಏನದ?"

"ವಿಭೂತಿ. ದೇವರದು."

"ತಿಂತೀ ಏನು?"

"ಪ್ರಸಾದ ಅಂತ ಒಂಚೂರು."

ಬಾಗಿಲಿನಿಂದ ನಮ್ಮ ಮನೆಯವರ ದನಿ ಬಂತು. "ಒಂಚೂರಲ್ಲ ಮಗಾ. ವಾರಕ್ಕೊಂದು ಗಟ್ಟಿ ತರ್ಲಾಕತ್ತೀನಿ. ಶರಣಿ ಆಗ್ಯಾಳ ಅಂತ ನಾ ಊರ ತುಂಬಾ ಹೇಳೀನಲ್ಲ."

ಮೇಜಿನ ಆಚೆ ಕೂತಿದ್ದ ಡಾಕ್ಟರಮ್ಮ ಮಗಳನ್ನು ಬಿಟ್ಟು ನನ್ನನ್ನು ಕರೆದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು. ನನ್ನ ಉಗುರು ನಡುವೆ ತಗ್ಗಾಗಿ ಚಮಚದಂತಾದದ್ದನ್ನು ನಾನೇ ನೋಡಿಕೊಂಡಿರಲಿಲ್ಲ. ಅಲ್ಲೇ ರಕ್ತ ತೆಗೆಸಿದರು. ಮೈಯಲ್ಲಿ ಕಬ್ಬಿಣದ ಅಂಶ ಬರಿದಾದರೆ ಕೆಲವರಿಗೆ ಹೀಗೆ ಬೂದಿ, ಮಣ್ಣು ತಿನ್ನುವ ಚಪಲ ಹುಟ್ಟುತ್ತದಂತೆ. ನಾನು ತಿಂದ ವಿಭೂತಿ, ಗುಳಿಗೆಯ ಜೊತೆ ಕುಡಿದ ಚಹಾ, ಎರಡೂ ಸೇರಿ ಗುಳಿಗೆಯನ್ನು ಮೈಗೆ ಹತ್ತಗೊಟ್ಟಿರಲಿಲ್ಲವಂತೆ.

ಭಕ್ತರೇ, ಆಗ ನನಗೆ ಆದ ದುಃಖ ಆ ಕೂಸು ಹೋದಾಗ ಬಿಟ್ಟರೆ ಮತ್ತೆಂದೂ ಆಗಿರಲಿಲ್ಲ. ಯಾವುದನ್ನು ಮಲ್ಲಯ್ಯನ ದಯೆ ಎಂದು ತಿಂದೆನೋ ಅದೇ ನನ್ನನ್ನು ಕೆಡವುತ್ತಿತ್ತು. ಅಷ್ಟು ನಂಬಿದವಳಿಗೆ ಹೀಗೆ ಮಾಡುವುದೇ? ಗಂಟು ಬಿಚ್ಚಿ ತುಂಡನ್ನು ಮೇಜಿನ ಮೇಲಿಟ್ಟು ಅತ್ತುಬಿಟ್ಟೆ. ಸುವರ್ಣಾ ತನ್ನ ಹೊಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಗ್ಗಿ, ಸೆರಗಿನಿಂದ ನನ್ನ ತುಟಿ ಒರೆಸಿದಳು.

"ಅವ್ವಾ, ಏನಾಗ್ಯಾದ ಅಂತ ಗೊತ್ತಾಯ್ತಲ್ಲ," ಎಂದಳು.

ಮುಂಜಾನೆ ನಾನು ಕೇಳಿದ್ದೇ ಅದು. ಮಗಳಿಗೆ ಕೇಳಿದ ಪ್ರಶ್ನೆಯೊಳಗೆ ಮಲ್ಲಯ್ಯ ನನ್ನ ಉತ್ತರ ಇಟ್ಟಿದ್ದ. ತಿಂಗಳುಗಟ್ಟಲೆ ಅವನು ನನ್ನ ನಾಲಿಗೆಯ ಮೇಲೆಯೇ ಕೂತು ಹೇಳುತ್ತಿದ್ದ. ನಾನು ರುಚಿ ನೋಡಿದೆ, ಮಾತು ಕೇಳಲಿಲ್ಲ.

ಬೇರೆಲ್ಲೂ ರಕ್ತ ಸೋರುತ್ತಿಲ್ಲ ಎಂದು ತಪಾಸಣೆ ಮಾಡಿಸಿ, ಕಬ್ಬಿಣದ ಔಷಧವನ್ನು ನರದ ಮೂಲಕವೇ ಕೊಟ್ಟರು. ಬಾಟಲಿಯಲ್ಲಿ ಚಹಾದ ಬಣ್ಣವೇ. ಚಹಾ ಬಿಡು ಅಂದವರು ಚಹಾನೇ ಹಚ್ಯಾರಲ್ಲ ಎಂದು ಮನೆಯವರು ಅಂದದ್ದಕ್ಕೆ ಎಷ್ಟೋ ತಿಂಗಳ ಮೇಲೆ ನಾನು ನಕ್ಕೆ. ಒಂದೇ ದಿನದಲ್ಲಿ ಎದ್ದು ಕೂತೆ ಎಂದು ಸುಳ್ಳು ಬರೆಯುವುದಿಲ್ಲ. ಮತ್ತೆ ಮತ್ತೆ ಬಸ್ಸು ಹತ್ತಬೇಕಾಯಿತು. ವಿಭೂತಿ ಗಟ್ಟಿಯನ್ನು ಮನೆಯವರು ಗಿರಣಿಯ ಪೆಟ್ಟಿಗೆಯಲ್ಲಿ ಕೀಲಿ ಹಾಕಿಟ್ಟು, ಪೂಜೆಗೆ ಮೂರು ಬೆರಳಿಗಾಗುವಷ್ಟೇ ಕೊಡುತ್ತಿದ್ದರು. ಆ ಬಿಸಿಲುಗಾಲದಲ್ಲಿ ಒಂದು ಮುಂಜಾನೆ, ರೊಟ್ಟಿ ಬಡಿದು ಮುಗಿಸಿದ ಮೇಲೆ ನೋಡಿಕೊಂಡೆ. ನಿಂತೇ ಇದ್ದೆ.

ಏಳನೆಯ ತಿಂಗಳಲ್ಲಿ ಕುಬಸ ಮಾಡಿ ಉಡಿ ತುಂಬಲು ಹೋದಾಗ ಬೀಗಿತ್ತಿಯ ಮನೆಯ ಮೆಟ್ಟಿಲನ್ನು ನಾನೇ ಹತ್ತಿದೆ. ಅವರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಕರಕೊಂಡ್ ಹೋಗ್ರಿ ಅಕ್ಕಾರ," ಎಂದು ಕಣ್ಣೊರೆಸಿಕೊಂಡರು. ಅವರಿಗೂ ಆ ಕೋಣೆ ಬೇಡವಾಗಿತ್ತು ಎಂದು ನನಗೆ ಅವತ್ತೇ ತಿಳಿದದ್ದು.

ಶ್ರಾವಣದಲ್ಲಿ ಹೆರಿಗೆ ಆಯಿತು. ಕೂಸು ಅತ್ತಿತು. ಆ ಅಳು ಕೇಳಿ ದವಾಖಾನೆಯ ಪಡಸಾಲೆಯಲ್ಲಿ ನಾವಿಬ್ಬರು ಬೀಗಿತ್ತಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು. ಹೋದ ಕೂಸಿನ ದುಃಖವೂ ಅದರೊಳಗಿತ್ತು. ಅದು ಎಂದಿಗೂ ಹೋಗುವುದಿಲ್ಲ, ಹೋಗಲಿ ಎಂದು ನಾನು ಬೇಡುವುದೂ ಇಲ್ಲ.

ಇದೆಲ್ಲ ಡಾಕ್ಟರು ಮಾಡಿದ್ದು, ಮಲ್ಲಯ್ಯ ಏನು ಮಾಡಿದ ಎಂದು ಕೆಲವರು ಕೇಳುತ್ತಾರೆ. ಡಾಕ್ಟರಿಗೂ ಕೈ ಮುಗಿಯುತ್ತೇನೆ. ಆದರೆ ಆ ಮುಂಜಾನೆ ನಾನು ಕೇಳಿದ್ದು ಯಾರನ್ನು, ಅದು ನನಗೆ ಗೊತ್ತು. ಸುಸ್ತಾದ ತಾಯಂದಿರೇ, ದೇವರಿಗೂ ಹೇಳಿರಿ, ಡಾಕ್ಟರಿಗೂ ಹೇಳಿರಿ. ಬಾಯಿಗೆ ಏನು ರುಚಿಸುತ್ತದೆ ಎಂಬುದನ್ನು ಮುಚ್ಚಿಡಬೇಡಿರಿ.

ನೆಲದ ಮೇಲೆ ಕೂಡಬಾರದೆಂದು ಮೊಣಕಾಲಿನ ಡಾಕ್ಟರು ಹೇಳಿದ್ದಾರೆ. ಅದಕ್ಕೆ ಬಚ್ಚಲಲ್ಲಿ ಒಂದು ಕುರ್ಚಿ, ಎದುರಿಗೆ ಅಷ್ಟೇ ಎತ್ತರದ ಬೆಂಚು. ಬೆಂಚಿನ ಮೇಲೆ ಕಾಲು ಚಾಚಿ, ಎರಡು ಉದ್ದ ಹೊಲಿಗೆಯ ಗುರುತಿನ ಕೆಳಗೆ ಮೊಮ್ಮಗಳನ್ನು ಮಲಗಿಸಿಕೊಳ್ಳುತ್ತೇನೆ. ಸುವರ್ಣಾ ನೀರು ಹಾಕುತ್ತಾಳೆ, ನಾನು ತಿಕ್ಕುತ್ತೇನೆ. ಕೂಸು ಬಚ್ಚಲು ಹಾರಿಹೋಗುವಂತೆ ಕಿರುಚುತ್ತದೆ. ನಮ್ಮಿಬ್ಬರಿಗೂ ಆ ಕಿರುಚಾಟ ಸಾಕೆನ್ನಿಸುವುದಿಲ್ಲ.

ಮೊದಲ ಸಲ ಎರೆದ ದಿನ, ಕೂಸಿನ ಹಣೆಗೆ ವಿಭೂತಿ ಹಚ್ಚಿದೆ. ಬೆರಳಿಗೆ ಇನ್ನೂ ಅಂಟಿತ್ತು. ಮಗಳು ನೋಡುತ್ತಿರುವಾಗಲೇ ಅದನ್ನು ನಾಲಿಗೆಗೆ ಮುಟ್ಟಿಸಿದೆ.

"ಹೆಂಗದ?" ಎಂದಳು ಸುವರ್ಣಾ.

ಬರೀ ಬೂದಿ. ಯಾವ ರುಚಿಯೂ ಇರಲಿಲ್ಲ. ಉಳಿದದ್ದನ್ನು ನನ್ನ ಹಣೆಗೆ ಒರೆಸಿಕೊಂಡು ಮಲ್ಲಯ್ಯನಿಗೆ ಕೈ ಮುಗಿದೆ.